ನಾಲ್ಕನೇ ತರಗತಿಯ ಮಳೆ ಪುಸ್ತಕ: ಮೊದಲ ಅವಧಿಯ ದಾಖಲೆ

ಮೃಗಶಿರ, ಜೂನ್ ಎರಡನೇ ವಾರ

ಕಳೆದ ವರ್ಷ ಪರಿಸರ ಅಧ್ಯಯನದ ಮನೆ ಚಟುವಟಿಕೆಗಳೆಂದು ನನ್ನ ಮೇಜಿಗೆ ಬಂದವುಗಳಲ್ಲಿ ಅರ್ಧದಷ್ಟು ಮಕ್ಕಳ ಕೈಕೆಲಸವಾಗಿರಲಿಲ್ಲ. ಪೇಟೆಯ ಅಂಗಡಿಯಲ್ಲಿ ಕೊಂಡ ಹಣ್ಣುಗಳ ಚಾರ್ಟು, ಅಣ್ಣನೋ ಕಾಕಾನೋ ರಾತ್ರಿ ಕುಳಿತು ಅಂಟಿಸಿದ ಥರ್ಮಾಕೋಲ್ ಮನೆ ಇಂಥವುಗಳಿಗೆ ಅಂಕ ಹಾಕುವಾಗ, ಅಂಕ ಯಾರಿಗೆ ಸೇರುತ್ತಿದೆ ಎಂಬುದು ನನಗೇ ತಿಳಿಯುತ್ತಿರಲಿಲ್ಲ. ಆದ್ದರಿಂದ ಈ ಸಲ ಅಂಗಡಿಯಲ್ಲಿ ಸಿಗದ, ಒಂದೇ ರಾತ್ರಿಯಲ್ಲಿ ಮುಗಿಯದ ಒಂದು ಕೆಲಸವನ್ನು ಮೊದಲ ಅವಧಿ ಪೂರ್ತಿ ಮಾಡಿಸುವುದೆಂದು ನಿರ್ಧರಿಸಿದೆ. ತರಗತಿಯ 23 ಮಕ್ಕಳೂ ತಮ್ಮ ಮನೆಯಂಗಳದಲ್ಲಿ ಬೀಳುವ ಮಳೆಯನ್ನು ದಸರಾ ರಜೆಯವರೆಗೆ ಪ್ರತಿದಿನ ಅಳೆದು ಬರೆಯಬೇಕು.

ನಿಯಮಗಳು ಮೂರೇ. ಬೆಳಿಗ್ಗೆ 8:30ಕ್ಕೆ ನೋಡಬೇಕು, ಏಕೆಂದರೆ ಭಾರತ ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಲೆಕ್ಕ ಹಾಕುವುದು ಆ ಹೊತ್ತಿಗೇ. ನೋಡದ ದಿನ ಸಾಲನ್ನು ಖಾಲಿ ಬಿಡಬೇಕು. ಬೇರೆಯವರು ನೋಡಿದ್ದರೆ ಪಕ್ಕದಲ್ಲಿ ‘ಅಜ್ಜಿ’, ‘ಅಕ್ಕ’ ಎಂದು ಬರೆಯಬೇಕು. ಮೂರನೆಯ ನಿಯಮ ಸೇರಿಸಿದ್ದರಿಂದ ದೊಡ್ಡವರ ನೆರವು ನಿಲ್ಲಲಿಲ್ಲವಾದರೂ ಕಣ್ಣಿಗೆ ಕಾಣುವಂತಾಯಿತು.

ಮಳೆಮಾಪಕವನ್ನು ಎರಡು ಲೀಟರಿನ ಖಾಲಿ ತಂಪುಪಾನೀಯದ ಬಾಟಲಿಯಿಂದ ಶಾಲೆಯಲ್ಲೇ ಮಾಡಿದೆವು. ಬಾಟಲಿಯ ಕೊರಳಿನ ಭಾಗವನ್ನು ನಾನು ಕತ್ತರಿಸಿ ಕೊಟ್ಟೆ. ಮಕ್ಕಳು ಅದನ್ನು ಬೋರಲು ಮಾಡಿ ಲಾಳಿಕೆಯಂತೆ ಮೇಲೆ ಕೂರಿಸಿದರು. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಅಲ್ಲಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಅದಕ್ಕಾಗಿ ತಳಕ್ಕೆ ಸಣ್ಣ ಕಲ್ಲುಗಳನ್ನು ತುಂಬಿ, ಗೋಡೆ ನೇರವಾಗುವಲ್ಲಿಯವರೆಗೆ ನೀರು ಹಾಕಿ, ಆ ಮಟ್ಟವನ್ನೇ ಸೊನ್ನೆ ಎಂದು ಗುರುತಿಸಿ, ಅಲ್ಲಿಂದ ಮೇಲಕ್ಕೆ ಮಿಲಿಮೀಟರಿನ ಕಾಗದದ ಪಟ್ಟಿಯನ್ನು ಅಂಟಿಸಿದೆವು. ಕಲ್ಲುಗಳು ಗಾಳಿಗೆ ಬಾಟಲಿ ಉರುಳದಂತೆಯೂ ಕಾಯುತ್ತವೆ. ಕೋಳಿಗಳಿಂದ ಮಾತ್ರ ಕಾಯಲಾರವೆಂಬುದು ಮೂರೇ ದಿನಗಳಲ್ಲಿ ಗೊತ್ತಾಯಿತು.

ಆರಿದ್ರಾ, ಜೂನ್ ಕೊನೆ

ಮೊದಲ ಹದಿನೈದು ದಿನಗಳ ಪುಸ್ತಕಗಳನ್ನು ನೋಡಿದೆ. ಒಂದೇ ಓಣಿಯ ಎರಡು ಮನೆಗಳಲ್ಲಿ ಒಂದೇ ದಿನ ಒಬ್ಬಳು 12 ಮಿಲಿಮೀಟರ್ ಎಂದೂ, ಇನ್ನೊಬ್ಬ 140 ಮಿಲಿಮೀಟರ್ ಎಂದೂ ಬರೆದಿದ್ದರು. ಹೋಗಿ ನೋಡಿದರೆ ಹುಡುಗನ ಬಾಟಲಿ ಹೆಂಚಿನ ಸೂರಿನ ಕೆಳಗೆ ನಿಂತಿತ್ತು. ಇಡೀ ಮಾಡಿನ ನೀರು ಅದಕ್ಕೇ ಬೀಳುತ್ತಿತ್ತು. ಅವನು ಬರೆದದ್ದು ಸುಳ್ಳಲ್ಲ, ಕಂಡದ್ದನ್ನೇ ಬರೆದಿದ್ದ. ಆ ಸಾಲನ್ನು ಹೊಡೆದುಹಾಕದೆ, ‘ಸೂರಿನ ನೀರು’ ಎಂದು ಪಕ್ಕದಲ್ಲಿ ಬರೆಸಿ, ಬಾಟಲಿಯನ್ನು ಬಯಲಿಗೆ ಇಡಿಸಿದೆ.

ಇದಕ್ಕಿಂತ ಒಳ್ಳೆಯ ಪ್ರಶ್ನೆ ಬಂದದ್ದು ನಾಲ್ಕು ದಿನ ಮಳೆ ಬಿಡುವು ಕೊಟ್ಟಾಗ. “ಸರ, ನೀರು ಸೊನ್ನೆಕ್ಕಿಂತ ಕೆಳಗ ಇಳದೈತ್ರಿ, ಏನಂತ ಬರೀಲಿ?” ಎಂದು ಒಬ್ಬಳು ಕೇಳಿದಳು. ಆವಿಯಾಗುವಿಕೆಯ ಪಾಠ ಪಠ್ಯಪುಸ್ತಕದಲ್ಲಿ ಬರುವ ಮೊದಲೇ ಬಾಟಲಿಯಲ್ಲಿ ಬಂದಿತ್ತು. ಅಂದಿನಿಂದ ದಿನವೂ ಓದಿ ಬರೆದ ಮೇಲೆ ನೀರನ್ನು ಸೊನ್ನೆಯ ಗೆರೆಗೆ ಸರಿಪಡಿಸುವುದು ರೂಢಿಯಾಯಿತು.

ಪುನರ್ವಸು ಮತ್ತು ಪುಷ್ಯ, ಜುಲೈ

ಮಳೆಯನ್ನು ಲೀಟರಿನಲ್ಲಿ ಅಳೆಯದೆ ಮಿಲಿಮೀಟರಿನಲ್ಲಿ ಏಕೆ ಹೇಳುತ್ತಾರೆ ಎಂಬುದನ್ನು ವಿವರಿಸಲು ಎರಡು ಸಲ ಸೋತೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ನೀರು ಸಮನಾಗಿ ನಿಂತರೆ ಅದರ ಎತ್ತರ ಒಂದು ಮಿಲಿಮೀಟರ್. ಇದನ್ನು ತೋರಿಸಲು ತರಗತಿಯ ನೆಲದಲ್ಲಿ ಚೌಕ ಬರೆದು, ಅಂಚಿಗೆ ಮಣ್ಣಿನ ಒಡ್ಡು ಕಟ್ಟಿ ನೀರು ಹೊಯ್ದರೆ, ನಮ್ಮ ನೆಲದ ಇಳಿಜಾರಿನಿಂದಾಗಿ ನೀರೆಲ್ಲ ಬಾಗಿಲ ಕಡೆಗೆ ಓಡಿತು. ಮೂರನೆಯ ಸಲ 50 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲದ ಚಪ್ಪಟೆ ತಟ್ಟೆಯನ್ನು ಬಳಸಿದೆ. ಅದು ಚದರ ಮೀಟರಿನ ಐದನೆಯ ಒಂದು ಪಾಲು. 200 ಮಿಲಿಲೀಟರ್ ಹೊಯ್ದು ಅಳತೆಪಟ್ಟಿ ಇಟ್ಟಾಗ ಒಂದು ಮಿಲಿಮೀಟರಿನ ತೆಳುವಾದ ನೀರು ಎಲ್ಲರಿಗೂ ಕಂಡಿತು.

ಆ ಮೇಲೆ ಗುಣಾಕಾರ ತಾನಾಗಿ ನಡೆಯಿತು. 20 ಚದರ ಮೀಟರಿನ ಮಾಡಿನ ಮೇಲೆ 10 ಮಿಲಿಮೀಟರ್ ಮಳೆಯಾದರೆ 200 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಹದಿಮೂರು ಕೊಡ ತುಂಬಿ ಐದು ಲೀಟರ್ ಉಳಿಯುತ್ತದೆ. ಶೇಷ ಬರುವ ಭಾಗಾಕಾರಕ್ಕೆ ನಾನು ಇಷ್ಟು ವರ್ಷ ಹುಡುಕುತ್ತಿದ್ದ ಉದಾಹರಣೆ ಇದೇ.

ಜುಲೈ ಮೂರನೇ ವಾರದಲ್ಲಿ ಮಳೆಯ ಕಾರಣ ಶಾಲೆಗೆ ರಜೆ ಘೋಷಣೆಯಾಯಿತು. ಆ ದಿನಗಳ ಪುಟಗಳೇ ಅತ್ಯಂತ ಪೂರ್ಣವಾಗಿದ್ದವು. ಐದು ಪುಸ್ತಕಗಳು ಮಾತ್ರ ತೊಯ್ದು ಹಾಳಾದವು.

ಮಘಾ, ಆಗಸ್ಟ್

ಎರಡನೆಯ ಮನೆಗೆಲಸ ಹಿರಿಯರನ್ನು ಕೇಳಿ ಬರೆಯುವುದು. ಕಲಘಟಗಿ ಭಾಗದ ನಮ್ಮ ಊರಿನಲ್ಲಿ ಗೋವಿನಜೋಳ, ಸೋಯಾಬೀನ್, ಭತ್ತ ಬೆಳೆಯುವವರು ಮಳೆಯನ್ನು ಇಂದಿಗೂ ನಕ್ಷತ್ರದ ಹೆಸರಿನಿಂದಲೇ ಕರೆಯುತ್ತಾರೆ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಿದರೆ ಪ್ರತಿಯೊಂದರ ಆರಂಭದ ದಿನವೂ ಸಿಗುತ್ತದೆ. ಪುನರ್ವಸು ಮತ್ತು ಪುಷ್ಯಗಳನ್ನು ದೊಡ್ಡ ಪುಷ್ಯ, ಚಿಕ್ಕ ಪುಷ್ಯ ಎಂದು ಕರೆಯುವುದನ್ನು ಮೂವರು ಬರೆದು ತಂದರು. ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು’ ಎಂಬ ಗಾದೆ ಹನ್ನೊಂದು ಪುಸ್ತಕಗಳಲ್ಲಿತ್ತು. ಮನೆ ಮಗಳು ಉಂಡರೆ ಏನಾಗುತ್ತದೆ ಎಂದು ಹುಡುಗಿಯರು ಕೇಳಿದರು. ಉತ್ತರಕ್ಕೆ ನಾನು ಗಾದೆ ಹೇಳಿದ ಅಜ್ಜಿಯರ ಬಳಿಗೇ ಕಳುಹಿಸಿದೆ. ತಂದೆತಾಯಿ ದುಡಿಯಲು ಗೋವೆಗೆ ಹೋಗಿರುವುದರಿಂದ ಅಜ್ಜಿಯೊಡನೆ ಇರುವ ಹುಡುಗನ ಪುಸ್ತಕದಲ್ಲಿ ಎಲ್ಲರಿಗಿಂತ ಹೆಚ್ಚು ಪುಟಗಳಿದ್ದವು. ಹಿಂದಿನ ವರ್ಷ ಅವನು ಚಾರ್ಟು ತಂದಿರಲಿಲ್ಲವೆಂದು ನಾನು ಕಡಿಮೆ ಅಂಕ ಹಾಕಿದ್ದೆ.

ಉತ್ತರೆ, ಸೆಪ್ಟೆಂಬರ್

ಗ್ರಾಮ ಪಂಚಾಯಿತಿಯ ಆವರಣದಲ್ಲಿರುವ ಸ್ವಯಂಚಾಲಿತ ಮಳೆಮಾಪಕವನ್ನು ನೋಡಿ ಬಂದೆವು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಇಂಥವನ್ನು ಪಂಚಾಯಿತಿ ಮಟ್ಟದಲ್ಲಿ ಅಳವಡಿಸಿದೆ. ಸೌರಫಲಕದಿಂದ ನಡೆಯುವ ಇದು ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸುತ್ತದೆ. ಅದಕ್ಕೆ ಕೋಳಿಯ ಕಾಟವಿಲ್ಲ, ಬೇಲಿ ಇದೆ ಎಂಬುದು ಮಕ್ಕಳ ಮೊದಲ ಟಿಪ್ಪಣಿ.

ತರಗತಿಯ ಗೋಡೆಯ ಮೇಲೆ ಒಂದು ಚೌಕಕ್ಕೆ ಐದು ಮಿಲಿಮೀಟರ್ ಎಂಬ ಲೆಕ್ಕದಲ್ಲಿ ಸ್ತಂಭನಕ್ಷೆ ಬೆಳೆಯುತ್ತಿದೆ. ಅದಕ್ಕೆ ಸರಾಸರಿಯನ್ನು ಬಳಸಲಿಲ್ಲ. ಸೂರಿನ ಕೆಳಗಿನ ಒಂದು ಬಾಟಲಿ ಇಡೀ ಸರಾಸರಿಯನ್ನು ಕೆಡಿಸುತ್ತದೆ. ಅಂದಿನ ಎಲ್ಲ ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಡುವಿನದನ್ನು ಆರಿಸುತ್ತೇವೆ. ಮಕ್ಕಳೇ ಚೀಟಿ ಹಿಡಿದು ಸಾಲಾಗಿ ನಿಲ್ಲುವುದರಿಂದ ಈ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತದೆ. ಸಂಕಲನಾತ್ಮಕ ಮೌಲ್ಯಮಾಪನದ, ಅಂದರೆ ಅವಧಿಯ ಕೊನೆಯ ಪರೀಕ್ಷೆಯ ತಯಾರಿಯ ನಡುವೆ ಆ ಐದು ನಿಮಿಷವನ್ನು ಉಳಿಸಿಕೊಳ್ಳುವುದೇ ಕಷ್ಟವಾಗಿದೆ. ಕಳೆದ ವಾರ ಎರಡು ದಿನ ತಪ್ಪಿಹೋಯಿತು, ನಕ್ಷೆಯಲ್ಲಿ ಆ ಜಾಗಗಳು ಖಾಲಿಯಾಗಿಯೇ ಇವೆ.

ಹಸ್ತದ ಮಳೆ ಮುಗಿಯುವುದು ದಸರಾ ರಜೆಯಲ್ಲಿ. ಚಿತ್ತಾ ಮತ್ತು ಸ್ವಾತಿ ಮಳೆಗಳನ್ನೂ ಅಳೆದು, ಎರಡನೇ ಅವಧಿಯಲ್ಲಿ ಹಿಂಗಾರಿ ಕಡಲೆಯ ಬೆಳವಣಿಗೆಯೊಡನೆ ಜೋಡಿಸುವ ಯೋಚನೆ ಇದೆ. ಮನೆಯ ಬಾಟಲಿಗಳಿಗೆ ಚಿಂತೆಯಿಲ್ಲ; ಶಾಲೆಯ ಬಾಟಲಿಯನ್ನು ರಜೆಯಲ್ಲಿ ನೋಡುವವರು ಯಾರು ಎಂದು ಕೇಳಿದ್ದಕ್ಕೆ ಗೇಟಿನ ಎದುರಿನ ಮನೆಯ ಇಬ್ಬರು ಕೈ ಎತ್ತಿದ್ದಾರೆ. ಗೇಟಿನ ಬೀಗ ತೆಗೆಯದೆ ನೋಡಲು ಅನುಕೂಲವಾಗಲೆಂದು ಬಾಟಲಿಯನ್ನು ಕಾಂಪೌಂಡಿನ ಪಕ್ಕಕ್ಕೆ ಸರಿಸಿ, ಅಳತೆಯ ಪಟ್ಟಿಯನ್ನು ರಸ್ತೆಯ ಕಡೆಗೆ ತಿರುಗಿಸಿದ್ದೇವೆ.