ಪ್ಲಿಮತ್‌ನ ಗುಡ್ಡದ ಮೇಲೆ: ಸುಗ್ಗಿಯ ಊಟ, ಮಳೆಯ ಪ್ರಾರ್ಥನೆ

ಬಾಸ್ಟನ್ನಿನಿಂದ ದಕ್ಷಿಣಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿ, ಅಟ್ಲಾಂಟಿಕ್ ಕಡಲ ದಂಡೆಯಲ್ಲಿರುವ ಪ್ಲಿಮತ್ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ತವರೂರೆಂದು ಹೆಸರಾಗಿದೆ. ಬಂದವರೆಲ್ಲ ಮೊದಲು ನೋಡುವುದು ಕಂಬಗಳ ಮಂಟಪದಡಿ ಮರಳಲ್ಲಿ ಕುಳಿತಿರುವ, ‘1620’ ಎಂದು ಕೆತ್ತಿದ ಬಂಡೆಯನ್ನು. ಆ ವರ್ಷ ಇಂಗ್ಲೆಂಡಿನಿಂದ ಬಂದ ವಲಸಿಗರು ಅದರ ಮೇಲೆಯೇ ಕಾಲಿಟ್ಟರೆನ್ನಲು ಅವರ ಬರಹಗಳಲ್ಲಿ ಆಧಾರವಿಲ್ಲ. ಹಾಗಾಗಿ ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ಎದುರಿನ ಕೋಲ್ಸ್ ಹಿಲ್ ಏರಿದೆ.

ಮೇಫ್ಲವರ್ ಹಡಗಿನಲ್ಲಿ ಬಂದ ಆ 102 ವಲಸಿಗರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮೊದಲ ಚಳಿಗಾಲದಲ್ಲೇ ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ಈ ಗುಡ್ಡದಲ್ಲೇ ಎನ್ನುತ್ತಾರೆ. ಬದುಕುಳಿದವರಿಗೆ ಮೀನಿನ ಗೊಬ್ಬರ ಹಾಕಿ ಮೆಕ್ಕೆಜೋಳ ಬೆಳೆಯುವುದನ್ನು ಕಲಿಸಿದ ಟಿಸ್ಕ್ವಾಂಟಮ್ ಹುಟ್ಟಿದ ಪಟುಕ್ಸೆಟ್ ಹಳ್ಳಿ ಇದ್ದದ್ದೂ ಇದೇ ನೆಲದಲ್ಲಿ. ಹಡಗು ಬರುವ ಮೊದಲೇ ಸಾಂಕ್ರಾಮಿಕ ರೋಗ ಅದನ್ನು ನಿರ್ನಾಮ ಮಾಡಿತ್ತು.

1621ರ ಸುಗ್ಗಿಯ ಔತಣದ ಬಗ್ಗೆ ವಲಸಿಗರಲ್ಲೊಬ್ಬನಾದ ಎಡ್ವರ್ಡ್ ವಿನ್ಸ್ಲೊ ಅದೇ ವರ್ಷ ಬರೆದ ಪತ್ರ ಉಳಿದಿದೆ. ಆ ನೆಲದ ಮೂಲನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮಾಸಸೋಯಿಟ್ ಸುಮಾರು 90 ಜನರೊಂದಿಗೆ ಬಂದು ಮೂರು ದಿನ ಉಂಡನು, ಅವನ ಕಡೆಯವರು ಐದು ಜಿಂಕೆಗಳನ್ನು ಬೇಟೆಯಾಡಿ ತಂದರು ಎಂಬುದು ಅದರ ಸಾರ. ದೇವರ ದಯೆಯನ್ನು ವಿನ್ಸ್ಲೊ ನೆನೆಯುತ್ತಾನೆ, ನಿಜ. ಆದರೆ ಪ್ರಾರ್ಥನಾ ಸಭೆಯ ಸುದ್ದಿಯೇ ಇಲ್ಲ, ಆಯುಧಾಭ್ಯಾಸದ ಸುದ್ದಿಯಿದೆ. ಪಂಚಾಂಗದ ಹಬ್ಬಗಳನ್ನು, ಕ್ರಿಸ್‌ಮಸ್ಸನ್ನೂ ಸೇರಿಸಿ, ಒಪ್ಪದಿದ್ದ, ಇಂಗ್ಲೆಂಡಿನ ಚರ್ಚಿನಿಂದ ಬೇರ್ಪಟ್ಟಿದ್ದ ಈ ವಲಸಿಗರ ಪಂಥದವರು ದೇವರ ಅನುಗ್ರಹ ಕಣ್ಣಿಗೆ ಕಂಡಾಗ ಮಾತ್ರ ಕೆಲಸ ಬಿಟ್ಟು, ಕೀರ್ತನೆ ಮತ್ತು ಪ್ರವಚನಗಳಲ್ಲಿ ಕೃತಜ್ಞತೆಯ ದಿನವನ್ನು ಕಳೆಯುತ್ತಿದ್ದರು. 1623ರಲ್ಲಿ ವಾರಗಟ್ಟಲೆ ಮಳೆಯಿಲ್ಲದೆ ಪೈರು ಒಣಗಿದಾಗ ಅವರು ಪ್ರಾರ್ಥನೆಗೆಂದು ಒಂದು ದಿನವನ್ನು ಮೀಸಲಿಟ್ಟರು. ಮಳೆ ಬಂದು ಪೈರು ಚಿಗುರಿದ ಬಳಿಕ ಕೃತಜ್ಞತೆಗೆ ಇನ್ನೊಂದು ದಿನವನ್ನು ಗೊತ್ತುಮಾಡಿದರು. ಅವರದೇ ಧರ್ಮದ ಅಳತೆಯಲ್ಲಿ ಮೊದಲ ಥ್ಯಾಂಕ್ಸ್‌ಗಿವಿಂಗ್ ಎನ್ನಿಸಿಕೊಳ್ಳಬೇಕಾದದ್ದು ಈ ದಿನವೆಂದೇ ನನ್ನ ಅಭಿಪ್ರಾಯ. ಲಿಂಕನ್ 1863ರಲ್ಲಿ, ಅಂತರ್ಯುದ್ಧದ ನಡುವೆ, ರಾಷ್ಟ್ರಕ್ಕೆಲ್ಲ ಕೃತಜ್ಞತೆಯ ದಿನವನ್ನು ಘೋಷಿಸಿದ್ದು, 1941ರಲ್ಲಿ ಕಾಯಿದೆ ಅದನ್ನು ನವೆಂಬರಿನ ನಾಲ್ಕನೆಯ ಗುರುವಾರಕ್ಕೆ ಕಟ್ಟಿಹಾಕಿದ್ದು ಆಮೇಲಿನ ಕಥೆ.

ಗುಡ್ಡದ ಮೇಲೆ ಮಾಸಸೋಯಿಟ್‌ನ ಕಂಚಿನ ಪ್ರತಿಮೆ ಕಡಲಿನತ್ತ ಮುಖಮಾಡಿದೆ. ಇಲ್ಲಿಯೇ 1970ರಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ಮಧ್ಯಾಹ್ನ ಮೂಲನಿವಾಸಿಗಳು ಸೇರಿ, ತಾವು ಕಳೆದುಕೊಂಡ ಜನ-ನೆಲಗಳ ನೆನಪಿನಲ್ಲಿ ರಾಷ್ಟ್ರೀಯ ಶೋಕದಿನವನ್ನು ಆಚರಿಸುತ್ತಾರೆಂದು ಪಕ್ಕದ ಫಲಕ ತಿಳಿಸುತ್ತದೆ. ಇದನ್ನು ಕೃತಜ್ಞತೆಯ ನಿರಾಕರಣೆ ಎಂದು ಓದುವುದು ತಪ್ಪಾದೀತು: ಒಂದೊಂದು ಬೆಳೆ ಕೈಗೆ ಬಂದಾಗಲೂ ಸೃಷ್ಟಿಕರ್ತನಿಗೆ ವಂದಿಸುವ ವಾಂಪನೋಗ್ ಸಂಪ್ರದಾಯ ಮೇಫ್ಲವರ್‌ಗಿಂತ ಎಷ್ಟೋ ಹಳೆಯದು, ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ಅಕ್ವಿನ್ನಾ ಊರಿನ ವಾಂಪನೋಗರು ಈಗಲೂ ಅಕ್ಟೋಬರಿನಲ್ಲಿ ಕ್ರ್ಯಾನ್‌ಬೆರಿ ಕೊಯ್ಲಿನ ದಿನವನ್ನು ಆಚರಿಸುತ್ತಾರೆ. ದೇಶವೆಲ್ಲ ಔತಣಕ್ಕೆ ಕೂರುವ ಆ ಗುರುವಾರ ಮಾತ್ರ ಗುಡ್ಡಕ್ಕೆ ಬರುವವರಲ್ಲಿ ಅನೇಕರು ಉಪವಾಸವಿರುತ್ತಾರೆ.