ಟೆಚಿಮಾನಿನ ಗೇರು, ಅಲ್ಲಿಯ ಅಳಿಯಕಟ್ಟು

ಗೇರುಬೀಜದ ವ್ಯಾಪಾರ ಗೊತ್ತಿದ್ದವರಿಗೆ ಬಿಡಿಸಿ ಹೇಳ್ಬೇಕಂತ ಇಲ್ಲ, ಮಂಗಳೂರು ಕಾರ್ಕಳ ಕಡೆಯ ಫ್ಯಾಕ್ಟರಿಗಳು ವರ್ಷ ಇಡೀ ಓಡ್ಬೇಕಾದ್ರೆ ಊರಿನ ಬೀಜ ಎಲ್ಲಿಗೂ ಸಾಕಾಗುದಿಲ್ಲ, ಆಫ್ರಿಕಾದ್ದು ಹಡಗಲ್ಲಿ ಬರ್ಲೇಬೇಕು. ನಮ್ಮ ಧಣಿಗಳಿಗೆ ಒಂದು ಯೋಚನೆ ಬಂತು, ಬೀಜವನ್ನು ಸಿಪ್ಪೆ ಸಮೇತ ಇಲ್ಲಿಯವರೆಗೆ ಹೊತ್ತು ತರುದು ಎಂತಕ್ಕೆ, ಘಾನಾದಲ್ಲೇ ಒಂದು ಸಣ್ಣ ಯೂನಿಟ್ ಹಾಕಿ ತಿರುಳು ಮಾತ್ರ ತಂದ್ರೆ ಆಯ್ತಲ್ಲ ಅಂತ. ಜಾಗ ನೋಡ್ಲಿಕ್ಕೆ ಅವರ ಜೊತೆ ನಾನೂ ಹೊರಟೆ. ಯೆಲ್ಲೋ ಫೀವರ್ ಇಂಜೆಕ್ಷನ್ ಹೋಗುದಕ್ಕೆ 10 ದಿನ ಮೊದಲೇ ತಗೊಂಡಿರ್ಬೇಕು, ಆ ಹಳದಿ ಕಾರ್ಡ್ ಜೋಪಾನ, ವಾಪಸ್ ಬರುವಾಗ ಇಲ್ಲಿಯವರೂ ಕೇಳ್ತಾರೆ.

ಘಾನಾದ ರಾಜಧಾನಿ ಅಕ್ರಾ ಬಗ್ಗೆ ಬರೆಯುವಂಥದ್ದು ಎಂತದೂ ಇಲ್ಲ, ಸೆಕೆ ಮತ್ತು ಟ್ರಾಫಿಕ್. ಅಲ್ಲಿಂದ ಕುಮಾಸಿ ಸುಮಾರು 250 ಕಿಲೋಮೀಟರ್, ಅದು ಅಸಾಂಟೆ ರಾಜ್ಯದ ರಾಜಧಾನಿ, ಈಗಲೂ ರಾಜ ಇದ್ದಾರೆ, 1999ರಿಂದ ಒಟುಂಫೊ ಒಸೆಯ್ ಟುಟು II. ಅವರ ಮಾನ್ಹಿಯಾ ಅರಮನೆ ಮ್ಯೂಸಿಯಮ್ಮಲ್ಲಿ ಚಿನ್ನದ ಸಾಮಾನು ನೋಡಿ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು ನನಗೆ. 1874ರ ಯುದ್ಧದಲ್ಲಿ ಬ್ರಿಟಿಷರು ಲೂಟಿ ಹೊಡೆದ ಒಡವೆಗಳೂ ಅದರಲ್ಲಿ ಉಂಟು, ಲಂಡನ್ನಿನ ಎರಡು ಮ್ಯೂಸಿಯಮ್ಮಿನವರು 2024ರಲ್ಲಿ ಒಟ್ಟು 32 ವಸ್ತು ಕೊಟ್ಟಿದ್ದಾರೆ, ಅದೂ ಹೇಗೆ, ಮೂರು ವರ್ಷದ ಸಾಲ ಅಂತ! ಮನೆಯವರ ಒಡವೆಯನ್ನು ಮನೆಯವರಿಗೇ ಕಡ ಕೊಡುದು ಯಾವ ಊರಿನ ನ್ಯಾಯ ಮಾರಾಯ್ರೆ.

ಚಿನ್ನದ ಮಾತು ಬಂತಲ್ಲ, ಒಂದು ವಿಷಯ. ಕುಮಾಸಿಯ ದಕ್ಷಿಣಕ್ಕೆ ಒಬುಆಸಿ ಅಂತ ಗಣಿ ಉಂಟು, 1897ರಿಂದ ಕಂಪೆನಿಯವರು ತೋಡ್ಲಿಕ್ಕೆ ಶುರು ಮಾಡಿದ್ದು, 2014ರಲ್ಲಿ ಉತ್ಪಾದನೆ ನಿಲ್ಲಿಸಿ ಮತ್ತೆ 2019ರ ಕೊನೆಗೆ ಚಾಲೂ ಮಾಡಿದ್ರು. ನಮ್ಮ ಕೆಜಿಎಫ್ 2001ರಲ್ಲಿ ಬಾಗಿಲು ಹಾಕಿದ್ದು ಹಾಕಿದ್ದೇ. ಹಾಗಂತ ಹೋಟೆಲ್ ಲಾಬಿಯಲ್ಲಿ ಯಾರಾದ್ರೂ ಬಂದು "ರಾಜಮನೆತನದ ಚಿನ್ನದ ಪುಡಿ ಉಂಟು, ಕಡಿಮೆಗೆ ಕೊಡ್ತೇವೆ" ಅಂದ್ರೆ ಎದ್ದು ಹೋಗಿ. ನೆಲದಡಿಯ ಖನಿಜ ಸಂವಿಧಾನದ ಪ್ರಕಾರ ದೇಶದ್ದು, ರಾಷ್ಟ್ರಪತಿಯ ಹೆಸರಲ್ಲಿ ಇರುದು, ಯಾವ ಅರಸನಿಗೂ ಅದನ್ನು ಮಾರುವ ಹಕ್ಕಿಲ್ಲ. ಸಣ್ಣ ಗಣಿಯೂ ಅಲ್ಲಿಯ ಪ್ರಜೆಗಳಿಗೆ ಮಾತ್ರ. 2025ರಲ್ಲಿ ಸರಕಾರ ಗೋಲ್ಡ್ ಬೋರ್ಡ್ ಮಾಡಿದ ಮೇಲಂತೂ ಸ್ಥಳೀಯ ಚಿನ್ನದ ವ್ಯಾಪಾರದಿಂದ ಹೊರಗಿನವರನ್ನು ಪೂರ್ತಿ ಹೊರಗಿಟ್ಟಿದ್ದಾರೆ.

ನಮ್ಮ ಕೆಲಸ ಇದ್ದದ್ದು ಉತ್ತರಕ್ಕೆ, ಟೆಚಿಮಾನ್ ಸುತ್ತ. ಇದು ಬೊನೊ ಜನರ ನಾಡು, ಅವರೂ ಅಸಾಂಟೆಯವರ ಹಾಗೆ ಅಕಾನ್ ಅನ್ನುವ ದೊಡ್ಡ ಜನಾಂಗದವರೇ. ಅಸಾಂಟೆಯವರು 1720ರ ದಶಕದಲ್ಲಿ ಬಂದು ಗೆಲ್ಲುವ ಮೊದಲು ದೊಡ್ಡ ರಾಜ್ಯ ಆಗಿತ್ತಂತೆ. ಟೆಚಿಮಾನ್ ಸಂತೆ ನೋಡ್ಲೇಬೇಕು, ನಮ್ಮ ತೂಣಗೆಣಸಿನ ಜಾತಿಯ ಗೆಣಸು ಒಂದೊಂದು ತೊಡೆ ಗಾತ್ರದ್ದು, ಲಾರಿ ಲಾರಿ ಬಂದು ಬೀಳ್ತದೆ. ಊಟದಲ್ಲಿ ಫುಫು ಅನ್ನುವ ಕುಟ್ಟಿದ ಮುದ್ದೆ ನನಗೆ ಹಿಡಿಸ್ಲಿಲ್ಲ, ಅಗಿಯದೆ ನುಂಗ್ಬೇಕಂತೆ, ನುಂಗಿದ್ರೆ ರುಚಿ ಗೊತ್ತಾಗುದು ಹೇಗೆ. ಆದ್ರೆ ಅದರ ಜೊತೆ ಕೊಡುವ ನೆಲಗಡಲೆ ಸಾರು, ಮತ್ತೆ ಅಲಸಂಡೆ ಕಾಳಿನ ಗಸಿಗೆ ಕರಿದ ಬಾಳೆಹಣ್ಣು, ಇವೆರಡು ಫಸ್ಟ್ ಕ್ಲಾಸ್.

ಈಗ ಹೊಟ್ಟೆ ಉರಿಯುವ ವಿಷಯ. ಅಲ್ಲಿಯ ಒಬ್ಬ ಏಜೆಂಟ್ ಔಟ್‌ಟರ್ನ್ 48 ಗ್ಯಾರಂಟಿ ಅಂದಿದ್ದ. ಗೊತ್ತಿಲ್ಲದವರಿಗೆ ಹೇಳುದಾದ್ರೆ, 80 ಕೆಜಿ ಮೂಟೆಯಲ್ಲಿ ಎಷ್ಟು ಪೌಂಡ್ ತಿರುಳು ಸಿಗ್ತದೆ ಅನ್ನುವ ಲೆಕ್ಕ ಅದು. ಒಂದು ಕೆಜಿ ಸ್ಯಾಂಪಲ್ ಕತ್ತರಿಸಿ ಒಳ್ಳೆ ತಿರುಳು ತೂಕ ಮಾಡುದು, ಕಲೆ ಬಿದ್ದದ್ದಕ್ಕೆ ಅರ್ಧ ತೂಕ ಹಿಡಿಯುದು, ಪೂರ್ತಿ ಹಾಳಾದ್ದಕ್ಕೆ ಸೊನ್ನೆ. ಮೇಲಿನ ಸಾಲಿನ ಮೂಟೆಗಳು ಸರಿಯಾಗಿ 48 ಬಂತು. ಧಣಿಗಳು ಹಳೇ ಹುಲಿ, ಕೆಳಗಿನ ಸಾಲಿಂದ ಎಳೆಸಿದ್ರು, 43. ಒಳಗೆ ಕಪ್ಪು ಬೂಷ್ಟು, ಕೈಗೆ ತೇವ ತಾಗ್ತಿತ್ತು. ಅವ ಎಂತ ಹೇಳ್ಬೇಕು, "ಮಳೆ ಬಂತು ಸಾರ್". ಕೊಟ್ಟ ಅಡ್ವಾನ್ಸ್ ಇನ್ನೂ ಪೂರ್ತಿ ಬಂದಿಲ್ಲ. ಹಾಗಾಗಿ ಮೂಟೆ ನಿಮ್ಮ ಕಣ್ಣೆದುರೇ ಹೊಲಿಯದೆ, ವೇಬ್ರಿಡ್ಜ್ ಚೀಟಿ ಕೈಗೆ ಬಾರದೆ ಅಲ್ಲಿಯ ದುಡ್ಡು ಒಂದು ಸೆಡಿ ಕೂಡ ಬಿಚ್ಬೇಡಿ.

ಮರುದಿನ ಜಾಗದ ಮಾತಿಗೆ ಒಂದು ಹಳ್ಳಿಯ ಅರಸನ ಮನೆಗೆ. ಅರಮನೆ ಅಂದ್ರೆ ಸಿಮೆಂಟಿನ ಅಂಗಳ, ಸುತ್ತ ಪ್ಲಾಸ್ಟಿಕ್ ಕುರ್ಚಿ, ಹಿರಿಯರೆಲ್ಲ ಒಂದು ಭುಜ ಬಿಟ್ಟು ಬಟ್ಟೆ ಹೊದ್ದು ಕೂತಿದ್ರು. ಮೊದಲು ಬಲದಿಂದ ಎಡಕ್ಕೆ ಎಲ್ಲರ ಕೈ ಕುಲುಕ್ಕೊಂಡು ಹೋಗ್ಬೇಕು, ಎಡಗೈ ಕೊಡ್ಲಿಕ್ಕಿಲ್ಲ, ಕಾಲ ಮೇಲೆ ಕಾಲು ಹಾಕ್ಲಿಕ್ಕಿಲ್ಲ. ಕೂತ ಮೇಲೆ ನೀರು ಕೊಡ್ತಾರೆ, ನೀರು ಕುಡಿದ ಮೇಲೆಯೇ "ಬಂದ ಕಾರಣ ಎಂತ" ಅಂತ ಕೇಳುದು, ನಮ್ಮ ಅಜ್ಜಿ ಬೆಲ್ಲ ನೀರು ಕೊಟ್ಟು ಸುದ್ದಿ ಕೇಳ್ತಿದ್ದ ಹಾಗೆ. ನಾವು ತಂದ ಶ್ನಾಪ್ಸ್ ಅನ್ನುವ ಮದ್ಯದ ಬಾಟ್ಲಿ ತೆಗೆದು ಹಿರಿಯರ ಆತ್ಮಕ್ಕೆ ಅಂತ ನೆಲಕ್ಕೆ ಹೊಯ್ದ್ರು. ಅರಸರ ಹತ್ರ ನೇರ ಮಾತಾಡುವ ಹಾಗಿಲ್ಲ, ನಡುವೆ ಒಚ್ಯಾಮೆ ಅಂತ ಒಬ್ರು ಇರ್ತಾರೆ, ಅರಸರ ಬಾಯಿ ಅವರೇ. ಅವರ ಕೈಯ ಕೋಲಿನ ತುದಿಯಲ್ಲಿ ಚಿನ್ನದ ಬಣ್ಣದ ಗೊಂಬೆಗಳು, ಇಬ್ರು ಮೇಜಿನ ಎದುರು ಕೂತಿದ್ದಾರೆ, ಒಬ್ಬ ಮಾತ್ರ ಉಣ್ತಿದ್ದಾನೆ. ಊಟ ಯಜಮಾನನದ್ದು, ಹಸಿದವನದ್ದಲ್ಲ ಅಂತ ಅದರ ತಾತ್ಪರ್ಯವಂತೆ. ಹತ್ತೆಕ್ರೆ ಕೇಳ್ಲಿಕ್ಕೆ ಹೋದ ಧಣಿಗಳು ಆ ಕೋಲನ್ನೇ ನೋಡ್ತಾ ಕೂತದ್ದು ಕಂಡು ನನಗೆ ನಗು ತಡೆಯುದು ಕಷ್ಟ ಆಯ್ತು.

ನೆಲ ಅರಸನದ್ದಲ್ಲ, ಪೀಠದ್ದು. ಅವರ ಪೀಠ ಅಂದ್ರೆ ಮರದ ಸ್ಟೂಲು, ಸಿಂಹಾಸನ ಅಲ್ಲ, ಆದ್ರೆ ಅರಸುತನದ ಗುರುತು ಅದೇ. ಪೀಠದ ನೆಲವನ್ನು ಯಾರಿಗೂ ಕ್ರಯಕ್ಕೆ ಕೊಡ್ಲಿಕ್ಕಿಲ್ಲ, ಲೀಸ್ ಮಾತ್ರ, ವಿದೇಶಿಗಳಿಗೆ ಹೆಚ್ಚಂದ್ರೆ 50 ವರ್ಷ, 1992ರ ಸಂವಿಧಾನದಲ್ಲೇ ಹಾಗೆ ಉಂಟು. ಬಂದ ಬಾಡಿಗೆಯಲ್ಲಿ 10% ಪೀಠದ ನೆಲ ನೋಡಿಕೊಳ್ಳುವ ಸರಕಾರಿ ಆಫೀಸಿನ ಖರ್ಚಿಗೆ, ಉಳಿದದ್ದರಲ್ಲಿ 55% ಜಿಲ್ಲಾಡಳಿತಕ್ಕೆ, 25% ಪೀಠಕ್ಕೆ, 20% ಸಾಂಪ್ರದಾಯಿಕ ಆಡಳಿತಕ್ಕೆ.

ಮಾತುಕತೆ ಮುಗಿದು ಧಣಿಗಳು ಜಾಗ ಅಳೆಯುವವನ ಜೊತೆ ಹೋದ್ರು, ನಾನು ಒಚ್ಯಾಮೆಯವರ ಗೇರು ತೋಟದಲ್ಲಿ ಕೂತೆ. ಇಷ್ಟು ಚಂದ ತೋಟ, ಮುಂದೆ ಮಕ್ಕಳಿಗಾ ಅಂತ ಸುಮ್ಮನೆ ಇಂಗ್ಲಿಷಲ್ಲಿ ಕೇಳಿದೆ. "ಮಕ್ಕಳಿಗೆ ಹೇಗೆ? ಅವರು ಅವರ ತಾಯಿ ಮನೆಯವರು. ನೆಲ ನನ್ನ ಅಕ್ಕನ ಮಗನಿಗೆ" ಅಂದ್ರು. ನನಗೆ ಮೈ ಜುಂ ಅಂತು. ನಮ್ಮಲ್ಲೂ ಹಾಗೇ ಇತ್ತು, ನನ್ನ ಅಜ್ಜಿಯ ಅಣ್ಣನೇ ಮನೆಯ ಯಜಮಾನ, ಅವರ ಮಕ್ಕಳಿಗೆ ಎಂತದೂ ಇಲ್ಲ, ಎಲ್ಲ ಅಳಿಯಂದಿರಿಗೆ ಅಂದೆ. ಅವರು ನಂಬ್ಲಿಲ್ಲ. ಹಿಂದೂಸ್ತಾನದಲ್ಲಾ ಅಂತ ಎರಡೆರಡು ಸಲ ಕೇಳಿದ್ರು. ನಾನು ಭೂತಾಳ ಪಾಂಡ್ಯನ ಕಥೆ ಹೇಳಿದೆ, ಅವನ ಮಾವನ ಹಡಗಿಗೆ ಕುಂಡೋದರ ಭೂತ ನರಬಲಿ ಕೇಳಿದ್ದು, ಮಾವನ ಹೆಂಡತಿ ಮಕ್ಕಳನ್ನು ಕೊಡುದಿಲ್ಲ ಅಂದದ್ದು, ತಂಗಿ ತನ್ನ ಮಗನನ್ನು ಕೊಟ್ಟದ್ದು, ಅಲ್ಲಿಂದ ಆಸ್ತಿ ಅಳಿಯನಿಗೆ ಆದದ್ದು. ಮುದುಕ ತೊಡೆಗೆ ಬಡಿದು ನಗಾಡಿದ್ರು. ಅವರಲ್ಲೂ ಅಬು ಅನ್ನುವವನ ಕಥೆ ಉಂಟಂತೆ, ಅವನಿಗೆ ಸಾಲ ಏರಿ ಅಡವು ಇಡ್ಲಿಕ್ಕೆ ಮಕ್ಕಳನ್ನು ಕೇಳಿದ್ರೆ ಅವರು ಒಪ್ಲಿಲ್ಲ, ತಂಗಿ ತನ್ನ ಮಕ್ಕಳನ್ನು ಕಳಿಸಿದ್ಲು, ಹಾಗಾಗಿ ಆಸ್ತಿ ಅವರಿಗೆ. ಎಲ್ಲಿಯ ತುಳುನಾಡು ಎಲ್ಲಿಯ ಬೊನೊ!

ಮತ್ತೆ ಸಂಜೆವರೆಗೆ ಇದೇ ಮಾತು. ನಮ್ಮಲ್ಲಿ 1956ರ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅಳಿಯಕಟ್ಟು ಹೋಯ್ತು ಅಂದೆ. ಅವರಲ್ಲಿ 1985ರ ಕಾನೂನು ಹೆಂಡತಿ ಮಕ್ಕಳಿಗೂ ಪಾಲು ಕೊಟ್ಟಿದೆ, ಆದ್ರೆ ಅದು ಸ್ವಂತ ಸಂಪಾದನೆಗೆ ಮಾತ್ರ, ಕುಟುಂಬದ ನೆಲಕ್ಕಲ್ಲ. ಅಲ್ಲೇ ಉಂಟು ತೊಡಕು. ನೆಲ ಕುಟುಂಬದ್ದು, ಮರ ನೆಟ್ಟದ್ದು ಅವರು, ಗೊಬ್ಬರ ಹಾಕಿದ್ದು ಮಕ್ಕಳು. ಜೋಳ ಗೆಣಸಾದ್ರೆ ವರ್ಷಕ್ಕೆ ಮುಗೀತದೆ, ಗೇರು ಹಾಗಲ್ಲ, ಒಮ್ಮೆ ನೆಟ್ರೆ ಒಂದು ತಲೆಮಾರು ಆ ನೆಲ ಕಟ್ಟಿ ಹಾಕಿದ ಹಾಗೆ, ಊಟದ ಬೆಳೆ ಬೆಳೆಯುವ ಹೆಂಗಸರಿಗೆ ಜಾಗ ಸಿಗುದಿಲ್ಲ. ಬದುಕಿರುವಾಗಲೇ ಸಾಕ್ಷಿ ಕೂರಿಸಿ, ಮಕ್ಕಳಿಂದ ಕೃತಜ್ಞತೆಯ ಬಾಟ್ಲಿ ತಗೊಂಡು ಅರ್ಧ ತೋಟ ದಾನ ಮಾಡುವ ಯೋಚನೆಯಲ್ಲಿದ್ದೇನೆ, ಅಕ್ಕನಿಗೆ ಇನ್ನೂ ಹೇಳ್ಲಿಲ್ಲ ಅಂದ್ರು ಮೆಲ್ಲ.

ದುಡ್ಡು ಹಾಕುವವರು ಇದನ್ನೇ ಮೊದಲು ತಿಳ್ಕೊಳ್ಬೇಕು ಅಂತ ನನಗೆ ಕಾಣ್ತದೆ, ತೆರಿಗೆ ರಿಯಾಯಿತಿ ಎಲ್ಲ ಆಮೇಲೆ. ಅರಸ ಒಬ್ಬ ಸೈನ್ ಹಾಕಿದ್ರೆ ಮುಗೀಲಿಲ್ಲ, ಪೀಠದ ಹಿರಿಯರು, ಆ ನೆಲದಲ್ಲಿ ಉಳುವ ಕುಟುಂಬದ ಯಜಮಾನ ಎಲ್ಲ ಬೇಕು. ಅರಸನನ್ನು ಸೂಚಿಸುವವಳೇ ರಾಜಮಾತೆ, ಅವಳನ್ನು ಬಿಟ್ಟು ಮಾಡಿದ ಕಾಗದ ನಾಳೆ ಕೋರ್ಟಿಗೆ ಹೋಗ್ತದೆ. ಹಣ ಕೊಡುವ ಮೊದಲು ಲ್ಯಾಂಡ್ಸ್ ಕಮಿಷನ್ ಅನ್ನುವ ಸರಕಾರಿ ಭೂದಾಖಲೆ ಆಫೀಸಲ್ಲಿ ಸರ್ಚ್ ಮಾಡಿಸಿ, ಒಂದೇ ಜಾಗ ಇಬ್ಬರಿಗೆ ಕೊಟ್ಟ ಕೇಸು ಬೇಕಾದಷ್ಟು ಉಂಟು.

ಧಣಿಗಳಿಗೆ ಮಾತ್ರ 50 ವರ್ಷದ ಲೀಸ್ ಇನ್ನೂ ಗಂಟಲಲ್ಲಿ ಇಳೀಲಿಲ್ಲ, "ಸ್ವಂತ ಅಲ್ಲದ ನೆಲಕ್ಕೆ ಬಾಯ್ಲರ್ ಇಡುದಾ" ಅಂತ ಬರುವಾಗ ವಿಮಾನದಲ್ಲೂ ಅದೇ ರಗಳೆ. ಸರ್ವೆ ನಕ್ಷೆ ಆಗ್ಬೇಕು, ಫೆಬ್ರವರಿಗೆ ಹೊಸ ಬೀಜ ಶುರು ಆಗ್ತದೆ. ಅಷ್ಟರೊಳಗೆ ಇವರು ಮನಸ್ಸು ಮಾಡದಿದ್ರೆ ಈ ವರ್ಷವೂ ಬರೀ ಖರೀದಿಯೇ, ಏಜೆಂಟ್ ಮಾತ್ರ ಬೇರೆಯವ.