ಹೇಳಿದವರು ಯಾರು?

ಬಾಗಲಕೋಟೆ ಜಿಲ್ಲೆಯಾದ ಮರುವರ್ಷ, 1998ರಲ್ಲಿ, ನೀವೀಗ ಓದುತ್ತಿರುವ ಈ ಕಾಲೇಜಿಗೆ ನಾನು ಬಿ.ಎಸ್ಸಿ. ಸೇರಿದೆ. ಹುನಗುಂದ ಕಡೆಯ ಎರಿ ಹೊಲದ ಮನೆ ನಮ್ಮದು. ಜೋಳ, ಕಡಲೆ, ಕುಸುಬಿ ನಡುವೆ ಬೆಳೆದವಳು ನಾನು. ಆದರೂ ಗಿಡ ಅಂದರೆ ಪುಸ್ತಕದಲ್ಲಿ ಇರುವಂಥದ್ದು, ನಮ್ಮ ಬದುವಿನ ಮೇಲೆ ಇರುವುದು ಸುಮ್ನೆ ಕಸ ಅಂತಲೇ ತಿಳಿದಿದ್ದೆ.

ಆ ತಿಳಿವಳಿಕೆಯನ್ನು ಬಿಡಿಸಿದವರು ನಮ್ಮ ಬಾಟನಿ ಸರ್. ಮಳೆಗಾಲದಲ್ಲಿ ಒಂದು ದಿನ ಬಾದಾಮಿ ಗುಡ್ಡಕ್ಕೆ ಕರೆದುಕೊಂಡು ಹೋದರು. ನಾವೆಲ್ಲ ಗುಹೆಗಳ ಕಡೆ ನೋಡುತ್ತಿದ್ದರೆ ಅವರು ಕೆಂಪು ಬಂಡೆಯ ಸಂದಿಯಲ್ಲಿ ಮಂಡಿಯೂರಿ ಕೂತಿದ್ದರು. ಅಲ್ಲಿತ್ತು ವಿಷ್ಣುಕ್ರಾಂತಿ. ನೆಲಕ್ಕೆ ಅಂಟಿಕೊಂಡ ಎಳೆಯಂಥ ಕಾಂಡ, ರೇಷ್ಮೆಯಂಥ ಕೂದಲು, ಉಗುರಿನಷ್ಟು ನೀಲಿ ಹೂ. "ಮಧ್ಯಾಹ್ನ ಬಂದಿದ್ರ ಹೂ ಮುಚ್ಚಿರತಿತ್ತು, ಅದನ್ನ ದಾಟಿ ಹೋಗ್ತಿದ್ರಿ" ಅಂದರು. ಅದೇ ಗಿಡವನ್ನು ಕೆಲವರು ಶಂಖಪುಷ್ಪಿ ಅಂತಾರೆ. ನಮ್ಮಲ್ಲಿ ಎಷ್ಟೋ ಮಂದಿಗೆ ಶಂಖಪುಷ್ಪ ಅಂದರೆ ಬೇಲಿಗೆ ಹಬ್ಬುವ ನೀಲಿ ಹೂವಿನ ಬಳ್ಳಿ. ಉತ್ತರ ಭಾರತದ ವೈದ್ಯರು ಅದೇ ಹೆಸರಿನಲ್ಲಿ ಮೂರನೇ ಗಿಡವೊಂದನ್ನು ಕೊಡುತ್ತಾರೆ. ಔಷಧಿಗೆ ಅಂತ ಹುಡುಕಿ ಹೋದವನು ಯಾವುದನ್ನು ಕೀಳಬೇಕು? ಗಿಡಕ್ಕೆ ವಿಜ್ಞಾನಿಗಳು ಕೊಡುವ ಲ್ಯಾಟಿನ್ ಹೆಸರು ಯಾಕೆ ಬೇಕು ಅನ್ನುವುದು ನನಗೆ ಅವತ್ತು ಅರ್ಥವಾಯಿತು. ಊರ ಹೆಸರು ಯಾಕೆ ಬೇಕು ಅನ್ನುವುದು ತಿಳಿದದ್ದು ಆಮೇಲೆ, ನಮ್ಮ ಮನೆಯಲ್ಲೇ.

ಪ್ರತಿಯೊಬ್ಬರೂ 30 ಗಿಡ ಒಣಗಿಸಿ, ಹಾಳೆಗೆ ಅಂಟಿಸಿ ಕೊಡಬೇಕಿತ್ತು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಹಾಕಲು, ಹೊಲಕ್ಕೆ ಹೋದಾಗ ಜೋಳದ ಸಾಲಿನಲ್ಲಿ ಹಕ್ಕರಿಕಿ ಕಂಡಿತು. ತಟ್ಟೆಯ ಹಾಗೆ ನೆಲಕ್ಕೆ ಹರಡಿದ ಎಲೆಗಳು, ಅಂಚಿಗೆ ಸಣ್ಣ ಹಲ್ಲು. ಬೇರು ಸಮೇತ ಕಿತ್ತು ಪೇಪರಿನ ನಡುವೆ ಇಟ್ಟೆ. ಅವ್ವ ನೋಡಿ ಗಾಬರಿಯಾದಳು. "ಯವ್ವಾ, ಇದನ್ಯಾಕ ಪೇಪರ್‍ನ್ಯಾಗ ಇಡ್ತಿ? ರೊಟ್ಟಿ ಜೋಡಿ ತಿನ್ನೂದಿದು. ಬೇರು ಯಾಕ ಕಿತ್ತಿ? ಎಲಿ ಚಿವುಟಿದ್ರ ಮತ್ತ ಚಿಗೀತಿತ್ತು." ಎಲೆ ಮುರಿದು ತೋರಿಸಿದಳು. ಬಿಳಿ ಹಾಲು ಬಂತು. "ಹಾಲು ಬರಬೇಕು, ಹೂ ಬಿಟ್ಟಿರಬಾರದು. ಹೂ ಬಿಟ್ಟ ಮ್ಯಾಲ ಕಹಿ ಆಗತೈತಿ."

ಮುಂದಿನ ವಾರ ಸರ್ ಜೊತೆ ಲ್ಯಾಬಿನಲ್ಲಿ ಕೂತು ಥಿಯೋಡರ್ ಕುಕ್ ಪುಸ್ತಕ ತೆಗೆದೆವು. ಆಗಿನ ಮುಂಬಯಿ ಪ್ರಾಂತದ ಗಿಡಗಳ ಬಗ್ಗೆ 1901ರಿಂದ 1908ರವರೆಗೆ ಬಂದ ಸಂಪುಟಗಳು ಅವು. ನಮ್ಮ ಜಿಲ್ಲೆಯೂ ಆ ಪ್ರಾಂತದಲ್ಲೇ ಇತ್ತಲ್ಲ. ಗಿಡ ಗುರುತಿಸಲು ಆ ಪುಸ್ತಕ ಕೇಳುವ ಪ್ರಶ್ನೆಗಳಲ್ಲಿ ಹಾಲು ಇತ್ತು, ಹೂವಿನ ರಚನೆ ಇತ್ತು. ಅವ್ವ ಒಂದೇ ಉಸಿರಿಗೆ ಹೇಳಿದ್ದನ್ನು ನಾವು ಅರ್ಧ ದಿನ ಹುಡುಕಿದೆವು. ಸೂರ್ಯಕಾಂತಿ ಕುಟುಂಬ, ಲೆಟ್ಯೂಸ್ ಗುಂಪು. ಪೇಟೆಯಲ್ಲಿ ದುಡ್ಡು ಕೊಟ್ಟು ತಿನ್ನುವ ಆ ಲೆಟ್ಯೂಸಿಗೆ ಇದು ಹತ್ತಿರದ ನೆಂಟ!

ಹಾಳೆಯ ಚೀಟಿಯಲ್ಲಿ ಸರ್ ಎಲ್ಲರಿಂದಲೂ ಎರಡು ಸಾಲು ಜಾಸ್ತಿ ಬರೆಸುತ್ತಿದ್ದರು: ಊರ ಹೆಸರು, ಹೇಳಿದವರು. ನಾನು "ಹಕ್ಕರಿಕಿ" ಅಂತ ಬರೆದು, ಕೆಳಗೆ "ನಮ್ಮ ಅವ್ವ" ಅಂತ ಬರೆದಿದ್ದೆ. ಸರ್ ಪೆನ್ನು ಎತ್ತಿ ನಿಲ್ಲಿಸಿದರು. "ಗಿಡಕ್ಕ ಎರಡೆರಡು ಹೆಸರು ಬರದಿ. ಅವ್ವಗ ಒಂದೂ ಇಲ್ಲೇನವಾ?" ಹೊಡೆದು ಹಾಕಿ ಅವ್ವನ ಪೂರ್ತಿ ಹೆಸರು ಬರೆದೆ. ಅವಳ ಹೆಸರು ರೇಷನ್ ಕಾರ್ಡು, ಮತದಾರರ ಪಟ್ಟಿ ಬಿಟ್ಟು ಬೇರೆಲ್ಲೂ ಅಚ್ಚಾಗಿರಲಿಲ್ಲ. ಮನೆಗೆ ಹೋಗಿ ಹೇಳಿದರೆ ನಂಬಲೇ ಇಲ್ಲ.

ಈಗ ನಮ್ಮ ಸುತ್ತಲಿನ ಹೊಲಗಳಲ್ಲಿ ಹಕ್ಕರಿಕಿ ಕಡಿಮೆಯಾಗಿದೆ. ಕೂಲಿಯವರು ಸಿಗುವುದಿಲ್ಲ, ಕಳೆನಾಶಕ ಹೊಡೆಯುತ್ತಾರೆ. ಯಾರನ್ನೂ ದೂರಲಾರೆ, ನನ್ನ ಅಣ್ಣನೂ ಹೊಡೆಯುತ್ತಾನೆ. ಆದರೆ ಕಳೆನಾಶಕ ಹೊಡೆಯುವ ಪಂಪಿಗೆ ಹಕ್ಕರಿಕಿಯೂ ಕಸ, ಕಾಂಗ್ರೆಸ್ ಕಸವೂ (ಪಾರ್ಥೇನಿಯಂ) ಕಸ. ಎರಡೂ ಒಂದೇ ಕುಟುಂಬದವು ಅನ್ನುವುದು ನಿಜ. ಒಂದು ನಮ್ಮ ತಾಟಿಗೆ ಬಂದದ್ದು. ಇನ್ನೊಂದು ಅಮೆರಿಕ ಖಂಡದಿಂದ ಬಂದು 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಆಮೇಲೆ ದೇಶವೆಲ್ಲ ಹಬ್ಬಿ ಮೈ ತುರಿಸುವಂತೆ ಮಾಡಿದ್ದು. ಬನಶಂಕರಿಗೆ ಪಲ್ಲೇದ ಹಬ್ಬದಲ್ಲಿ 108 ಬಗೆಯ ಪಲ್ಯ ಎಡೆ ಮಾಡುವ ಸೀಮೆ ನಮ್ಮದು. ನಮ್ಮ ಮಕ್ಕಳಿಗೆ ಹತ್ತು ಪಲ್ಯದ ಹೆಸರು ಗೊತ್ತಿದ್ದರೆ ಹೆಚ್ಚು. ಇದು ನನಗೆ ನಿಜಕ್ಕೂ ಸಂಕಟ.

ಹೋದ ವರ್ಷ ಕಾಲೇಜಿಗೆ ಬಂದಾಗ ಲ್ಯಾಬಿನ ಕಪಾಟು ತೆಗೆಸಿ ನೋಡಿದೆ. ಹಾಳೆ ಇದೆ. ಹಾಲು ಸೋರಿದ ಕಡೆ ಕಂದು ಕಲೆಯಾಗಿದೆ, ಎಲೆಯ ಹಲ್ಲು ಇನ್ನೂ ಎಣಿಸಬಹುದು. ಈಚಿನ ಹಾಳೆಗಳನ್ನೂ ತಿರುವಿದೆ. ಚೆನ್ನಾಗಿ ಮಾಡಿದ್ದೀರಿ, ಲ್ಯಾಟಿನ್ ಹೆಸರುಗಳೆಲ್ಲ ಅಂದವಾಗಿ ಪ್ರಿಂಟ್ ಆಗಿವೆ. ಆ ಎರಡು ಸಾಲು ಮಾತ್ರ ಇಲ್ಲ. ಮೊಬೈಲಿಗೆ ಫೋಟೋ ತೋರಿಸಿದರೆ ಹೆಸರು ಹೇಳುತ್ತದೆ, ಸರಿ. ಯಾವಾಗ ಚಿವುಟಬೇಕು ಅಂತ ಅದನ್ನು ಯಾರು ಕೇಳುತ್ತಾರೆ, ಅಲ್ವಾ?

ಈ ಸಲ ಆ ಸಾಲುಗಳನ್ನು ಮತ್ತೆ ಸೇರಿಸಿ. ಹೇಳುವವರು ಬೇಕಾದರೆ ನಮ್ಮೂರಿಗೇ ಬನ್ನಿ. ಅವ್ವನಿಗೆ ಈಗ 78, ಕಣ್ಣು ಚೆನ್ನಾಗಿವೆ. ಹಿಂದಿನ ಹೊಲದ ಒಂದು ಮೂಲೆಗೆ ಔಷಧಿ ಹೊಡೆಯಲು ಅವಳು ಇನ್ನೂ ಬಿಟ್ಟಿಲ್ಲ. ಬರುವುದಾದರೆ ಪುಷ್ಯ ಮಾಸದ ಬನದ ಹುಣ್ಣಿಮೆಯೊಳಗೆ ಬನ್ನಿ. ಆಮೇಲೆ ಹಕ್ಕರಿಕಿ ಹೂ ಬಿಡುತ್ತದೆ.